ಚಂದಕವಾಡಿಗೆ ಬಂದ ಸಮುದ್ರ

ನಮ್ಮ ಚಂದಕವಾಡಿಯಂಥ ಊರಿಗೆ ಸಮುದ್ರ ಬರುವುದು ಎರಡೇ ರೂಪದಲ್ಲಿ. ಒಂದು, ಅಂಗಡಿಯ ಉಪ್ಪಿನ ಪ್ಯಾಕೆಟ್ಟಾಗಿ. ಇನ್ನೊಂದು, ಐಸಿನ ಪೆಟ್ಟಿಗೆಯಲ್ಲಿ ಮಲಗಿದ ಬಂಗುಡೆ, ಮತ್ತಿಗಳಾಗಿ. ಚಾಮರಾಜನಗರ ತಾಲ್ಲೂಕಿನ ಈ ಹೋಬಳಿ ಊರಿಗೆ ಹತ್ತಿರದ ಕಡಲೆಂದರೆ ಗುಂಡ್ಲುಪೇಟೆ, ಬಂಡೀಪುರ, ವೈನಾಡು ದಾಟಿ, ಘಟ್ಟ ಇಳಿದ ಮೇಲೆ ಸಿಗುವ ಕೋಝಿಕ್ಕೋಡಿನ ಕಡಲು. ಹೆಚ್ಚು ಕಡಿಮೆ ಇನ್ನೂರು ಕಿಲೋಮೀಟರ್. ಅರಿಶಿನ, ಬಾಳೆ, ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಆನೆಯನ್ನು ಕಂಡವರು ಬಹಳ, ಅಲೆಯನ್ನು ಕಂಡವರು ಕಡಿಮೆ.

ಇಂಥ ಊರಿನ ಒಂದು ಮನೆಯ ಪಡಸಾಲೆಯಲ್ಲಿ ಈಗೊಂದು ಗಾಜಿನ ತೊಟ್ಟಿಯಿದೆ. ಎರಡಡಿ ಉದ್ದ, ಒಂದಡಿ ಅಗಲ, ಹದಿನಾರು ಇಂಚು ಎತ್ತರ. ಕಲ್ಲು, ಮರಳಿನ ಜಾಗ ಕಳೆದರೆ 65 ಲೀಟರಿನಷ್ಟು ಉಪ್ಪುನೀರು ಹಿಡಿಯುತ್ತದೆ. ಮನೆ ನನ್ನ ಅಕ್ಕನದು; ತೊಟ್ಟಿ ಅವಳ ಮಗನದು. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಊರಿನಲ್ಲೇ ಕೂತು ಮಾಡುವ ಇಪ್ಪತ್ತಾರರ ಹುಡುಗ. "ಮಾಮೂ, ಗೋಲ್ಡ್‌ಫಿಶ್ ಎಲ್ಲರ ಮನೇಲೂ ಇರುತ್ತೆ. ನಾನು ಹವಳದ ದಿಬ್ಬಾನೇ ಮಾಡ್ತೀನಿ" ಎಂದು ಅವನು ಹೇಳಿದಾಗ, ಇದು ವಯಸ್ಸಿನ ಹುಚ್ಚು, ಎರಡು ತಿಂಗಳಲ್ಲಿ ಇಳಿಯುತ್ತದೆ ಎಂದು ಮನೆಯಲ್ಲಿ ಹೆಚ್ಚಿನವರು ನಕ್ಕರು. ನನಗೆ ಮಾತ್ರ ಅಂದಿನಿಂದ ಒಂದು ಪ್ರಶ್ನೆ ಬೆನ್ನು ಬಿದ್ದಿದೆ. ಒಂದು ಜೀವವನ್ನು ಕಂಡು ಬೆರಗಾಗುವುದು ಒಂದು. ಅದನ್ನು ಮನೆಗೆ ತಂದಿಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ನಾವು ಎಷ್ಟು ಸಲೀಸಾಗಿ ದಾಟಿಬಿಡುತ್ತೇವೆ! ಆ ದಾಟುವಿಕೆಯ ಬೆಲೆ ತೆರುವವರು ಯಾರು?

ಮೊದಲು ನೀರಿನ ಮಾತು. ನಮ್ಮ ಕಡೆ ಯಾವ ಚರ್ಚೆಯೂ ಅಲ್ಲಿಂದಲೇ ಶುರುವಾಗಬೇಕು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅಡುಗೆಯ ಉಪ್ಪು ಕರಗಿಸಿದರೆ ಅದು ಸಮುದ್ರವಾಗುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಕಡಲಿನಲ್ಲಿರುವ ಅಳತೆಯಲ್ಲೇ ಇರಬೇಕು. ಅದಕ್ಕೆಂದೇ ತಯಾರಿಸಿದ ಉಪ್ಪು ಬೆಂಗಳೂರಿನಿಂದ ಬಂತು. ಈ ಪುಟ್ಟ ತೊಟ್ಟಿಗೆ ಎರಡೂಕಾಲು ಕಿಲೋಗಿಂತ ಸ್ವಲ್ಪ ಹೆಚ್ಚೇ ಬೇಕಾಯಿತು. ಆದರೆ ಉಪ್ಪು ಹಾಕುವ ಮೊದಲು ನೀರು ಏನೂ ಇಲ್ಲದ ನೀರಾಗಿರಬೇಕು. ನಮ್ಮ ಬೋರ್‌ವೆಲ್ಲಿನ ನೀರೋ, ಪಾತ್ರೆಯ ತಳದಲ್ಲಿ ಸುಣ್ಣದಂತೆ ಬಿಳಿ ಕಟ್ಟುವ ಗಡುಸು ನೀರು. ಹಾಗಾಗಿ ಆರ್‌ಓ ಯಂತ್ರ. ಅದು ಒಂದು ಲೀಟರ್ ಶುದ್ಧ ನೀರು ಕೊಡುವಾಗ ಎರಡು ಮೂರು ಲೀಟರನ್ನು ಹೊರಗೆ ತಳ್ಳುತ್ತದೆ.

ಆಪಾ ಲೆಕ್ಕದಲ್ಲಿ ಗಟ್ಟಿ. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರು ಬದಲಿಸಬೇಕು, ಅಂದರೆ ಆರೇಳು ಲೀಟರ್. ದಿನಕ್ಕೆ ಹೆಚ್ಚು ಕಡಿಮೆ ಒಂದು ಲೀಟರ್ ಆವಿಯಾಗುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ; ಆದ್ದರಿಂದ ದಿನಾ ತುಂಬಿಸುವುದು ಸಿಹಿನೀರನ್ನು. ಇದಕ್ಕೆ ಯಂತ್ರ ತಳ್ಳುವ ನೀರನ್ನೂ ಸೇರಿಸಿದರೆ ವಾರಕ್ಕೆ ಮೂರು ನಾಲ್ಕು ಬಿಂದಿಗೆ. "ಎರಡು ಮೀನಿಗೆ ಇಷ್ಟು ನೀರಾ?" ಎಂದು ಅವಳು ಕೇಳಿದಳು. ಹುಡುಗ ಸೋಲಲಿಲ್ಲ. ತಳ್ಳಿದ ನೀರನ್ನು ಡ್ರಮ್ಮಿಗೆ ಹಿಡಿದು ಅಂಗಳ, ಬಚ್ಚಲು ತೊಳೆಯಲು ಕೊಟ್ಟ. ವಾರಕ್ಕೆ ನಾಲ್ಕು ಬಿಂದಿಗೆ ದೊಡ್ಡದಲ್ಲವೆನ್ನಿ. ಒಂದು ಕಾರು ತೊಳೆಯಲು ಅದಕ್ಕಿಂತ ಹೆಚ್ಚು ಬೇಕು. ಆದರೂ ಆಪಾಳ ಪ್ರಶ್ನೆ ತಪ್ಪಾಗಿರಲಿಲ್ಲ. ನಲ್ಲಿಯ ಮುಂದೆ ಸಾಲು ನಿಂತ ನೆನಪಿರುವ ಹೆಂಗಸಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ.

ಆಮೇಲೆ ಕಾಯುವುದು. ಉಪ್ಪುನೀರು, ಮರಳು, ಕಲ್ಲು, ಪಂಪು ಎಲ್ಲ ಸಿದ್ಧವಾದ ಮೇಲೂ ಮೀನು ಬಿಡುವಂತಿಲ್ಲ. ಮೀನಿನ ಹೇಸಿಗೆ, ಉಳಿದ ತಿಂಡಿ ಕೊಳೆತರೆ ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಮೀನು ಒಂದು ಮಿತಿಯವರೆಗೆ ಸಹಿಸುತ್ತದೆ, ಉಳಿದದ್ದನ್ನು ನಾವು ನೀರು ಬದಲಿಸಿ ತೆಗೆಯುತ್ತೇವೆ. ಕಣ್ಣಿಗೆ ಕಾಣದ ಈ ಜೀವಿಗಳು ಕಲ್ಲಿನ ರಂಧ್ರಗಳಲ್ಲಿ, ಮರಳಿನಲ್ಲಿ ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ಹಿಂದಿನವರು ಈ ಅವಧಿಯಲ್ಲಿ ಡ್ಯಾಮ್ಸೆಲ್ ಎಂಬ ಗಟ್ಟಿ ಜೀವದ ಅಗ್ಗದ ಮೀನೊಂದನ್ನು ಬಿಡುತ್ತಿದ್ದರು. ಅದರ ಹೇಸಿಗೆಯಿಂದಲೇ ಅಮೋನಿಯಾ ಹುಟ್ಟಬೇಕು, ಆ ವಿಷದಲ್ಲೇ ಅದು ಬದುಕಬೇಕು. ಉಳಿದರೆ ಅದರ ಅದೃಷ್ಟ, ಸತ್ತರೆ ಅಗ್ಗದ ಮೀನು ತಾನೆ? ಈಗ ಸೀಸೆಯಲ್ಲಿ ಸಿಗುವ ಅಮೋನಿಯಾ ಹನಿಗಳನ್ನು ಹಾಕಿ ಅದೇ ಕೆಲಸ ಮಾಡಬಹುದು. ಹುಡುಗ ಹಾಗೇ ಮಾಡಿದ. ಒಂದೂವರೆ ತಿಂಗಳು ಆ ಮನೆಯಲ್ಲಿ ಬರೀ ನೀರಿಗೆ ದೀಪ ಹಚ್ಚಿಟ್ಟಿದ್ದರು. ಬಂದವರೆಲ್ಲ "ಮೀನೆಲ್ಲಿ?" ಎಂದು ಕೇಳಿದರು. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು ಆ ಖಾಲಿ ತೊಟ್ಟಿಯೇ.

ಈ ಗಾಜಿನ ಸಮುದ್ರದ ಚರಿತ್ರೆಯನ್ನು ಕೆದಕಿದರೆ ಮೊದಲ ಪುಟದಲ್ಲೇ ಒಬ್ಬ ಕೆಲಸದ ಹುಡುಗಿ ಸಿಗುತ್ತಾಳೆ. 1846ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿಯ ಕಡಲ ತೀರದಿಂದ ಕೆಲವು ಕಲ್ಲುಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದರು. ತಾಜಾ ಕಡಲ ನೀರು ದಿನಾ ಸಿಗುವಂತಿರಲಿಲ್ಲ. ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ದು ಹೊಯ್ದು ಗಾಳಿ ತುಂಬಿಸಬೇಕಿತ್ತು. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಆ ಕೆಲಸ ಮಾಡಿದ್ದು ಮನೆಯ ಸೇವಕಿ. ಯಜಮಾನತಿಯ ಹೆಸರು ಉಳಿದಿದೆ. ಹೊಯ್ದವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಇಂದು ಆ ಹುಡುಗಿಯ ಜಾಗದಲ್ಲಿ ಒಂದು ಪಂಪು ಕೂತಿದೆ. ಅದನ್ನು ತಿರುಗಿಸಲು ಹಗಲಿರುಳು ಕರೆಂಟು ಬೇಕು.

ಎಂಟು ವರ್ಷಗಳ ನಂತರ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ಎಂಬಾತ ಈ ವಿಷಯದ ಮೇಲೆ ಪುಸ್ತಕವನ್ನೇ ಬರೆದ. 'ಅಕ್ವೇರಿಯಂ' ಎಂಬ ಪದ ಈ ಅರ್ಥದಲ್ಲಿ ಜನರ ಬಾಯಿಗೆ ಬಂದದ್ದು ಆತನಿಂದ. ಗಾಸ್ ಕಟ್ಟಾ ದೈವಭಕ್ತ. ಬಂಡೆಯ ಸಂದಿಯಲ್ಲಿ ನಿಂತ ನೀರಿನೊಳಗಿನ ಒಂದೊಂದು ಜೀವಿಯಲ್ಲೂ ಆತನಿಗೆ ಸೃಷ್ಟಿಕರ್ತನ ಕೈಗುರುತು ಕಾಣುತ್ತಿತ್ತು. ಆ ಬೆರಗನ್ನು ಎಲ್ಲರಿಗೂ ಹಂಚಬೇಕೆಂದು ಬರೆದ. ಓದಿದವರು ಸುಮ್ಮನಿರಲಿಲ್ಲ, ಬಕೆಟ್ಟು, ಉಳಿ, ಸುತ್ತಿಗೆ ಹಿಡಿದು ಕಡಲ ತೀರಕ್ಕೆ ಹೊರಟರು. ಆತನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ತನ್ನ ನೆನಪಿನ ಪುಸ್ತಕದಲ್ಲಿ ಆ ತೀರದ ಬಂಡೆಗುಂಡಿಗಳು ಹೇಗೆ ಬರಿದಾದವು, ಅದಕ್ಕೆ ತಂದೆಯ ಬರಹವೇ ಹೇಗೆ ದಾರಿ ಮಾಡಿತು, ಅದು ತಿಳಿದು ತಂದೆ ಎಷ್ಟು ನೊಂದುಕೊಂಡ ಎಂಬುದನ್ನು ವಿವರಿಸಿದ್ದಾನೆ. ಕಡಲನ್ನು ದ್ವೇಷಿಸಿದವರು ಯಾರೂ ಆ ತೀರಕ್ಕೆ ಬಂದಿರಲಿಲ್ಲ. ಬಂದವರೆಲ್ಲ ಅದನ್ನು ಮೆಚ್ಚಿದವರೇ.

ಇಲ್ಲಿ ನನಗೆ ನಮ್ಮ ಜನ್ನನ ನೆನಪಾಗುತ್ತದೆ. ಹದಿಮೂರನೆಯ ಶತಮಾನದ ಆರಂಭದ ಅವನ 'ಯಶೋಧರ ಚರಿತೆ'ಯಲ್ಲಿ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಕೋಳಿ, ಆದರೂ ಕೊಲ್ಲುವ ಸಂಕಲ್ಪ ಇದ್ದುದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಅಲೆಯಬೇಕಾಯಿತು. ಕನಕಗಿರಿಯ ಬಸದಿಗಳಿರುವ ಮಲೆಯೂರು ನಮ್ಮ ಜಿಲ್ಲೆಯಲ್ಲೇ ಇದೆ. ಈ ಅಹಿಂಸೆಯ ಮಾತು ಈ ಮಣ್ಣಿಗೆ ಹೊಸದಲ್ಲ. ಇಸ್ಲಾಮಿನಲ್ಲೂ ಕರ್ಮದ ತೂಕ ನಿಯ್ಯತ್ತಿನ ಮೇಲೆ ನಿಂತಿದೆ. ಆದರೆ ಗಾಜಿನ ತೊಟ್ಟಿಯ ವಿಷಯದಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಸಂಕಲ್ಪದಲ್ಲಿ ಕಲ್ಮಶವಿಲ್ಲ, ಕೋಳಿ ಮಾತ್ರ ನಿಜವಾದದ್ದು. ಒಳ್ಳೆಯ ನಿಯ್ಯತ್ತು ಇದೆಯೆಂಬ ಸಮಾಧಾನದಲ್ಲೇ ನಾವು, ಏನಾಗುತ್ತಿದೆ ಎಂದು ವಿಚಾರಿಸುವುದನ್ನು ಬಿಟ್ಟುಬಿಡುತ್ತೇವೆ. ವಿಚಾರಿಸದೆ ಇರುವ ನಿಯ್ಯತ್ತು ಒಳ್ಳೆಯದೆಂದು ಹೇಗೆ ಹೇಳುವುದು?

ವಿಚಾರಿಸಿದರೆ ತಿಳಿಯುವ ಸಂಗತಿಗಳು ಹಲವು. ನಮ್ಮ ಕೆರೆಯ ಮೀನಿನಂಥ ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಇಂದು ಸಾಕಣೆಯಲ್ಲೇ ಹುಟ್ಟಿದವು. ಉಪ್ಪುನೀರಿನವು ಹಾಗಲ್ಲ, ಅವುಗಳಲ್ಲಿ ಬಹುಪಾಲು ಜಾತಿಗಳನ್ನು ಈಗಲೂ ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. 1960ರ ದಶಕದಲ್ಲಿ ಫಿಲಿಪೈನ್ಸಿನಲ್ಲಿ ಶುರುವಾದ ಒಂದು ಪದ್ಧತಿಯಲ್ಲಿ, ಮುಳುಗುವವನು ಸೈನೈಡ್ ಕರಗಿಸಿದ ನೀರನ್ನು ಹವಳದ ಸಂದಿಗೆ ಚಿಮ್ಮಿಸುತ್ತಾನೆ. ಮತ್ತು ಬಂದ ಮೀನು ಕೈಗೆ ಸಿಗುತ್ತದೆ. ಸುತ್ತಲಿನ ಹವಳ ಸಾಯುತ್ತದೆ. ಬದುಕಿ ಬಂದ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಕೆಲವು ದಿನ ಕಳೆದು ಕಾರಣ ಗೊತ್ತಾಗದೆ ಸಾಯುತ್ತದೆ. ಕಾನೂನು ಅದನ್ನು ನಿಷೇಧಿಸಿದರೂ ಪೂರ್ತಿ ನಿಂತಿಲ್ಲ. ಆ ಮುಳುಗುಗಾರನನ್ನು ಬೈಯುವುದು ನನಗೆ ಸಲೀಸಾಗಿ ಬರುವುದಿಲ್ಲ. ಅವನ ಮನೆಯಲ್ಲಿ ತೊಟ್ಟಿಯಿಲ್ಲ.

ಹುಡುಗ ತೋರಿಸಿದ ಚಿತ್ರಗಳಲ್ಲಿ ಮ್ಯಾಂಡರಿನ್ ಎಂಬ ಮೀನಿತ್ತು. ನೀಲಿಯ ಮೇಲೆ ಕಿತ್ತಳೆ ಬಣ್ಣದ ಬಳ್ಳಿ. ಬನಾರಸಿನ ಸೀರೆಯೂ ನಾಚಬೇಕು. ಅದು ಬದುಕುವುದು ಕಲ್ಲಿನ ಮೇಲೆ ಹರಿದಾಡುವ, ಧೂಳಿನ ಕಣದಂಥ ಪುಟ್ಟ ಜೀವಿಗಳನ್ನು ದಿನವಿಡೀ ಹೆಕ್ಕಿ ತಿಂದು. ಹೊಸ ತೊಟ್ಟಿಯಲ್ಲಿ ಅವು ಕೆಲವೇ ದಿನಗಳಲ್ಲಿ ಮುಗಿಯುತ್ತವೆ. ನಾವು ಹಾಕುವ ತಿಂಡಿಯನ್ನು ಹೆಚ್ಚಿನ ಮ್ಯಾಂಡರಿನ್‌ಗಳು ಮುಟ್ಟುವುದಿಲ್ಲ. ತಿಂಡಿಯ ನಡುವೆಯೇ ಅದು ಹಸಿದು, ವಾರಗಟ್ಟಲೆ ಒಣಗಿ ಸಾಯುತ್ತದೆ. ಇನ್ನೊಂದು, ಸಿನಿಮಾದಲ್ಲಿ ಮಕ್ಕಳು ಮೆಚ್ಚಿದ ನೀಲಿ ಟ್ಯಾಂಗ್. ಅಂಗಡಿಯಲ್ಲಿ ಎರಡು ಇಂಚು, ಬೆಳೆದರೆ ಒಂದಡಿ. ಎರಡಡಿಯ ತೊಟ್ಟಿಯಲ್ಲಿ ಒಂದಡಿಯ ಮೀನು ತಿರುಗುವುದಾದರೂ ಹೇಗೆ?

ಮೂರನೆಯದು ಬೆರಳುದ್ದದ ಕ್ಲೀನರ್ ರಾಸ್. ಇದರದು ದಿಬ್ಬದ ಮೇಲೆ ಒಂದು ಕ್ಷೌರದಂಗಡಿಯಿದ್ದಂತೆ. ದೊಡ್ಡ ದೊಡ್ಡ ಮೀನುಗಳು ಬಂದು ಸರದಿಯಲ್ಲಿ ನಿಲ್ಲುತ್ತವೆ. ಇದು ಅವುಗಳ ಮೈಮೇಲಿನ, ಬಾಯೊಳಗಿನ ಪರಾವಲಂಬಿ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಆಸ್ಟ್ರೇಲಿಯಾದ ಲಿಝರ್ಡ್ ದ್ವೀಪದಲ್ಲಿ ಸಂಶೋಧಕರು ಕೆಲವು ದಿಬ್ಬಗಳಿಂದ ಈ ಮೀನನ್ನು ತೆಗೆದು ವರ್ಷಗಟ್ಟಲೆ ಗಮನಿಸಿದಾಗ, ಅಲ್ಲಿಗೆ ಬರುವ ಇತರ ಮೀನುಗಳ ಸಂಖ್ಯೆಯೂ ಬಗೆಗಳೂ ಕುಸಿದವು. ಅಂದರೆ ಒಂದು ಮೀನನ್ನು ಮನೆಗೆ ತಂದವನು ತನಗರಿವಿಲ್ಲದೆ ಒಂದು ಊರಿನ ಅಂಗಡಿಯನ್ನೇ ಮುಚ್ಚಿಸಿರುತ್ತಾನೆ. ಇದೇ ಮೀನು ಕನ್ನಡಿಯಲ್ಲಿ ಕಂಡದ್ದು ತನ್ನದೇ ಮೈ ಎಂದು ಗುರುತಿಸುವಂತೆ ವರ್ತಿಸಿತೆಂದು 2019ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದರು. ಅದರ ಅರ್ಥವೇನೆಂಬ ವಾದ ಮುಗಿದಿಲ್ಲ. ಮೀನಿಗೆ ನೋವಾಗುವುದಿಲ್ಲ ಎಂಬ ಹಳೆಯ ನಂಬಿಕೆಯಂತೂ 2003ರಲ್ಲಿ ಬ್ರಿಟನ್ನಿನಲ್ಲಿ ಟ್ರೌಟ್ ಮೀನಿನ ತುಟಿಯ ಮೇಲೆ ನಡೆದ ಪ್ರಯೋಗಗಳಿಂದೀಚೆ ಸಡಿಲವಾಗುತ್ತ ಬಂದಿದೆ.

ಇನ್ನು ಹವಳ. ಉರ್ದು ಶಾಲೆಯಲ್ಲಿ ನಾನು ಕಲಿತ ಹೆಸರು ಮೂಂಗಾ, ಕನ್ನಡ ಶಾಲೆಯಲ್ಲಿ ಹವಳ. ಕುರ್‌ಆನಿನ ರಹ್ಮಾನ್ ಅಧ್ಯಾಯದಲ್ಲಿ ಮುತ್ತಿನ ಜೊತೆಗೆ ಬರುವ ಪದ ಮರ್ಜಾನ್. ಅದು ಸಣ್ಣ ಮುತ್ತು ಎಂದು ಅರ್ಥ ಹೇಳಿದ ಹಳೆಯ ವ್ಯಾಖ್ಯಾನಕಾರರೂ ಇದ್ದಾರೆ. ನಮ್ಮ ಹೆಂಗಸರ ಕೊರಳಿನ ಕೆಂಪು ಹವಳ ಶತಮಾನಗಳ ಕಾಲ ಮೆಡಿಟರೇನಿಯನ್ ಸಮುದ್ರದಿಂದ ಹಡಗೇರಿ ಬಂದದ್ದು. ದಿಬ್ಬ ಕಟ್ಟುವ ಕಲ್ಲುಹವಳ ಬೇರೆ. ಅದೊಂದು ವಿಚಿತ್ರ ಸಂಸಾರ. ನೋಡಲು ಗಿಡ, ಮುಟ್ಟಿದರೆ ಕಲ್ಲು, ನಿಜವಾಗಿ ಪ್ರಾಣಿ. ಅದರ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ, ಹವಳದ ಹೊಟ್ಟೆಗೆ ಬೇಕಾದ ಶಕ್ತಿಯ ಬಹುಭಾಗವನ್ನು ಅದೇ ಕೊಡುತ್ತದೆ. ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ನೀರು ಒಂದೇ ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ಇದ್ದರೆ ಸಂಸಾರ ಮುರಿಯುತ್ತದೆ; ಪಾಚಿ ಹೊರಬೀಳುತ್ತದೆ, ಹವಳ ಬಿಳಿಚುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. 2023ರಿಂದ ಈಚೆಗೆ ಜಗತ್ತಿನ ಹವಳದ ದಿಬ್ಬಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ಈ ಬೇಗೆಗೆ ಸಿಕ್ಕಿತು.

ಇಂಥದ್ದನ್ನು ಚಂದಕವಾಡಿಯ ಏಪ್ರಿಲ್ಲಿನಲ್ಲಿ ಬದುಕಿಸಬೇಕು! ನೀರು 25, 26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರಬೇಕು, ಏಕೆಂದರೆ ಹವಳ ತನ್ನ ಮನೆಯನ್ನು ಅದರಿಂದಲೇ ಕಟ್ಟುತ್ತದೆ. ಸಮುದ್ರದಲ್ಲಿ ಇದನ್ನೆಲ್ಲ ಯಾರೂ ಅಳೆಯುವುದಿಲ್ಲ. ನೀರಿನ ವಿಸ್ತಾರವೇ ಅಲ್ಲಿ ಎಲ್ಲ ಏರುಪೇರನ್ನೂ ನುಂಗಿಕೊಳ್ಳುತ್ತದೆ. ತೊಟ್ಟಿ ಚಿಕ್ಕದಾದಷ್ಟೂ ಸಂಭಾಳಿಸುವುದು ಕಷ್ಟ. ಹೊಸಬರು "ಸಣ್ಣದರಿಂದ ಶುರು ಮಾಡೋಣ" ಎಂದುಕೊಳ್ಳುವುದು ಸಹಜ, ಆದರೆ ಸಣ್ಣ ತೊಟ್ಟಿಯಲ್ಲಿ ಒಂದು ಸತ್ತ ಮೀನೇ ಇಡೀ ನೀರನ್ನು ಕೆಡಿಸಬಲ್ಲದು. ಅದೇ ರಹ್ಮಾನ್ ಅಧ್ಯಾಯದಲ್ಲಿ, ಮುತ್ತು ಮರ್ಜಾನ್‌ಗಳ ಮಾತಿಗೆ ಕೆಲವು ವಚನಗಳ ಮೊದಲೇ, ಮೀಝಾನ್ ಅಂದರೆ ತಕ್ಕಡಿಯ ಪ್ರಸ್ತಾಪ ಬರುತ್ತದೆ. ಅದರ ಸಮತೂಕವನ್ನು ಮೀರಬೇಡಿರೆಂಬ ಆದೇಶವಿದೆ. ಕಡಲಿನಿಂದ ಹವಳ ದೊರೆಯುವುದನ್ನು ಅನುಗ್ರಹವೆಂದು ಎಣಿಸುವವರು ತಕ್ಕಡಿಯ ಮಾತನ್ನು ದಾಟಿ ಮುಂದೆ ಹೋಗುವಂತಿಲ್ಲ.

ಅಂಗಡಿಯವನೊಬ್ಬ ಹುಡುಗನಿಗೆ ಕಲ್ಲುಹವಳದ ತುಂಡೊಂದನ್ನು ಕೊಡಲು ಮುಂದೆ ಬಂದ. ಕಾಗದಪತ್ರ ಕೇಳಿದರೆ "ಇಂಪೋರ್ಟೆಡ್ ಸಾರ್, ಯಾರೂ ಕೇಳಲ್ಲ" ಎಂಬ ಉತ್ತರ. ನಮ್ಮ ದೇಶದಲ್ಲಿ 2001ರ ಜುಲೈನಿಂದ ಎಲ್ಲ ಕಲ್ಲುಹವಳಗಳೂ, ಕರಿಹವಳ, ಸೀ ಫ್ಯಾನ್, ಕಡಲ ಕುದುರೆಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹುಲಿ, ಆನೆಗಳ ಸಾಲಿನಲ್ಲಿ. ತಪ್ಪಿದರೆ 3ರಿಂದ 7 ವರ್ಷ ಸೆರೆವಾಸದ ಶಿಕ್ಷೆ. ಬಿಳಿಗಿರಿರಂಗನ ಬೆಟ್ಟ, ಬಂಡೀಪುರಗಳ ನೆರಳಿನಲ್ಲಿ ಬದುಕುವ ನಮಗೆ ಹುಲಿಯ ಚರ್ಮವನ್ನು ಗೋಡೆಗೆ ತೂಗಿದರೆ ಏನಾಗುತ್ತದೆಂದು ಗೊತ್ತು. ಪಂಜರದ ಗಿಳಿಯೂ ಅಪರಾಧವೆಂದು ಈಗೀಗ ತಿಳಿಯುತ್ತಿದೆ. ಹವಳದ ವಿಷಯ ನಮ್ಮ ಕಿವಿಗೆ ಬಿದ್ದಿಲ್ಲ, ಅಷ್ಟೆ.

ಆದರೆ ನನ್ನನ್ನು ಕಾಡಿದ್ದು ಶಿಕ್ಷೆಯ ಮಾತಲ್ಲ, "ಯಾರೂ ಕೇಳಲ್ಲ" ಎಂಬ ಆಶ್ವಾಸನೆ. ಕಾಡಿನ ಸೋಲಿಗರನ್ನು ಕೇಳಿನೋಡಿ. ಅಭಯಾರಣ್ಯದಲ್ಲಿ ಜೇನು, ಪಾಸೆ, ನೆಲ್ಲಿಕಾಯಿ ತೆಗೆಯುವುದನ್ನು ಅವರಿಗೆ ನಿಷೇಧಿಸಲಾಯಿತು. ಬಿಳಿಗಿರಿಯ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕು ಸಿಕ್ಕಿದ್ದು 2011ರಲ್ಲಿ. ತಲೆಮಾರುಗಳಿಂದ ಕಾಡನ್ನು ಬಲ್ಲ, ಜೇನು ಕೀಳುವಾಗ ಹುಳುಗಳ ಪಾಲನ್ನು ಬಿಟ್ಟು ಬರುವ ಜನರನ್ನು ಕಾನೂನು ವರ್ಷಗಟ್ಟಲೆ ಕೇಳಿತು. ಹಣ ಕೊಟ್ಟು ಕಡಲಿನ ತುಂಡನ್ನು ಪಾರ್ಸಲ್ ತರಿಸುವವರನ್ನು ಮಾತ್ರ ಯಾರೂ ಕೇಳುವುದಿಲ್ಲ ಎಂದರೆ, ಆ ಸೌಕರ್ಯವನ್ನು ಬಳಸಿಕೊಳ್ಳಲು ನಾಚಿಕೆಯಾಗಬೇಕು. ಹುಡುಗ ಆ ತುಂಡನ್ನು ತರಲಿಲ್ಲ. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ ಎಂಬುದನ್ನೂ ಹೇಳಬೇಕು.

ಹಾಗಾದರೆ ತೊಟ್ಟಿಯಲ್ಲಿ ಏನಿದೆ? ಸೆರಾಮಿಕ್ಕಿನಲ್ಲಿ ಮಾಡಿದ ರಂಧ್ರದ ಕಲ್ಲುಗಳು, ಒಂದಷ್ಟು ಹಸಿರು ಪಾಚಿ, ಎರಡು ಕ್ಲೌನ್ ಮೀನು. ಹವಳವಿಲ್ಲದ ಹವಳದ ದಿಬ್ಬ. ಮೀನುಗಳು ಮರಿಕೇಂದ್ರದಲ್ಲಿ ಹುಟ್ಟಿದವು. ಈ ಮೀನುಗಳನ್ನು ಕಡಲಿನ ಹೊರಗೆ ಮೊಟ್ಟೆಯಿಡಿಸಿ ಬೆಳೆಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕೇರಳದ ವಿಳಿಂಜಂ, ತಮಿಳುನಾಡಿನ ಮಂಡಪಂ ಕೇಂದ್ರಗಳಲ್ಲಿ ರೂಢಿಸಿ ಮೀನುಗಾರರಿಗೂ ಕಲಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಅಲಂಕಾರಿಕ ಸೀಗಡಿ ಬೆಳೆಸುವ ತರಬೇತಿಯನ್ನು ಅಲ್ಲಿನ ಹೆಂಗಸರು ಪಡೆದಿದ್ದಾರೆ. ಹವ್ಯಾಸವೆಲ್ಲ ಪಾಪವೆಂದು ತೀರ್ಪು ಕೊಡುವವರು ಈ ಸಂಗತಿಯನ್ನೂ ಗಮನಿಸಬೇಕು: ಕೊಳ್ಳುವವನು "ಇದು ಎಲ್ಲಿ ಹುಟ್ಟಿತು?" ಎಂದು ಕೇಳಿದರೆ ದಿಬ್ಬ ಒಡೆಯದೆಯೂ ಒಂದು ದ್ವೀಪದ ಮನೆಯಲ್ಲಿ ಒಲೆ ಉರಿಯಬಹುದು.

ಆದರೂ ಸೆರೆ ಸೆರೆಯೇ ಅಲ್ಲವೆ? ಮರಿಕೇಂದ್ರದಲ್ಲಿ ಹುಟ್ಟಿದ ಮಾತ್ರಕ್ಕೆ? ಹದೀಸಿನಲ್ಲಿ ಎರಡು ಪ್ರಸಂಗಗಳಿವೆ. ಅಬೂ ಉಮೈರ್ ಎಂಬ ಹುಡುಗ ಸಾಕಿದ್ದ ಪುಟ್ಟ ಹಕ್ಕಿ ಸತ್ತಾಗ ಪ್ರವಾದಿಯವರು ಅವನ ದುಃಖವನ್ನು ಅಕ್ಕರೆಯಿಂದ ವಿಚಾರಿಸಿದ್ದು ಒಂದು. ಹಕ್ಕಿ ಸಾಕಿದ್ದಕ್ಕೆ ಗದರಲಿಲ್ಲವಾದ್ದರಿಂದ ಚೆನ್ನಾಗಿ ನೋಡಿಕೊಂಡರೆ ಸಾಕಬಹುದೆಂದು ವಿದ್ವಾಂಸರು ಅರ್ಥ ಮಾಡಿದರು. ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿ ಶಿಕ್ಷೆಗೆ ಗುರಿಯಾದ ಹೆಂಗಸಿನದು ಇನ್ನೊಂದು. ಅವಳ ಮೇಲಿನ ಆರೋಪಕ್ಕೆ ಎರಡು ಭಾಗಗಳಿವೆ. ತಾನೂ ಉಣಿಸಲಿಲ್ಲ, ಹೊರಗೆ ಹೋಗಿ ಹುಳುಹುಪ್ಪಟೆ ತಿನ್ನಲೂ ಬಿಡಲಿಲ್ಲ. ನಮ್ಮ ಚರ್ಚೆಗೆ ಈ ಎರಡನೆಯ ಭಾಗ ಮುಖ್ಯ. ಬೆಕ್ಕಿಗೆ, ಗಿಳಿಗೆ, ಆಡಿಗೆ ಬಾಗಿಲು ತೆರೆಯಬಹುದು. ಚಂದಕವಾಡಿಯಲ್ಲಿ ಕಡಲಮೀನಿಗೆ ಬಾಗಿಲೇ ಇಲ್ಲ. ಕೆರೆಗೆ ಬಿಟ್ಟರೆ ಸಾಯುತ್ತದೆ. ಸಾಕಣೆಯ ಮೀನನ್ನು ಕಡಲಿಗೆ ಬಿಟ್ಟರೂ ರೋಗ ಹರಡುವ ಭಯ. ಎರಡನೆಯ ದಾರಿಯನ್ನು ನಾವೇ ಪೂರ್ತಿ ಮುಚ್ಚಿರುವುದರಿಂದ ಮೊದಲನೆಯದರ ಇಡೀ ಭಾರ ನಮ್ಮ ತಲೆಯ ಮೇಲೆ. ಅದಕ್ಕೇ ಇದನ್ನು ಒಡೆತನ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅಮಾನತ್ತು ಎನ್ನಬಹುದು, ಇಟ್ಟುಕೊಂಡವನಿಗೆ ಹಕ್ಕಿಗಿಂತ ಹೊಣೆ ಹೆಚ್ಚು.

ಬಂಗುಡೆ ಸಾರು ಉಣ್ಣುವವನಿಗೆ ಎರಡು ಮೀನಿನ ಮೇಲೆ ಇಷ್ಟು ಮರುಕವೇಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಸಿವಿಗೆ ಕೊಲ್ಲುವುದರಲ್ಲೂ ಮಿತಿಗಳಿವೆ, ಆದರೆ ಅಲ್ಲಿ ಮುಚ್ಚುಮರೆಯಿಲ್ಲ. ಕೊಂದದ್ದನ್ನು ಕೊಂದದ್ದೆಂದೇ ಕರೆಯುತ್ತೇವೆ. ಶೋಕಿಗಾಗಿ ತಂದ ಮೀನು ಸತ್ತರೆ "ನೀರು ಸರಿಹೋಗಲಿಲ್ಲ" ಎನ್ನುತ್ತೇವೆ. ಇನ್ನೊಂದು ಆಕ್ಷೇಪವೂ ಇದೆ: ನೋಡಬೇಕೆನಿಸಿದರೆ ಮುರುಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ಮುಳುಗಿ ನೋಡಬಾರದೆ? ನಮ್ಮ ರಾಜ್ಯದ ಹವಳ ಅಲ್ಲಿದೆ. ನೋಡಬಹುದು, ಹಣವೂ ಈಜೂ ಇದ್ದವರು. ಆಪಾ ಸಮುದ್ರ ಕಂಡದ್ದು ಜೀವನದಲ್ಲಿ ಒಂದೇ ಸಲ, ದಡದಲ್ಲಿ ನಿಂತು. ಫಜರ್ ನಮಾಝಿನ ನಂತರ ತಸ್ಬೀಹ್ ಹಿಡಿದು ಅವಳೀಗ ತೊಟ್ಟಿಯ ಮುಂದೆ ಕೂರುತ್ತಾಳೆ. ಮೀನುಗಳು ಅವಳನ್ನು ಗುರುತಿಸಿ ಗಾಜಿನ ಹತ್ತಿರ ಬರುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣು, ಅದು ಸತ್ತರೆ ಗಂಡೇ ಹೆಣ್ಣಾಗುತ್ತದೆ ಎಂದು ಮಗ ವಿವರಿಸಿದಾಗ "ಹಾಗಾದರೂ ಗಂಡಸರಿಗೆ ಮನೆಗೆಲಸ ತಿಳಿಯಲಿ" ಎಂದು ನಕ್ಕಳಂತೆ. ಆ ನಗುವಿಗೆ ಬೆಲೆಯಿಲ್ಲ ಎಂದು ಹೇಳುವಷ್ಟು ಕಠೋರವಾದ ನೀತಿ ನನಗೆ ಬೇಡ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಐದು ಗಂಟೆ ಕರೆಂಟು ಇರಲಿಲ್ಲ. ಹುಡುಗ ಮೈಸೂರಿಗೆ ಹೋಗಿದ್ದ. ಬ್ಯಾಟರಿಯ ಗಾಳಿಯ ಪಂಪು ಎರಡು ಗಂಟೆಯಲ್ಲಿ ನಿಂತಿತು. ಆಪಾ ಒಂದು ಲೋಟದಿಂದ ತೊಟ್ಟಿಯ ನೀರನ್ನು ಮೊಗೆದು ಮೊಗೆದು ಎತ್ತರದಿಂದ ಹೊಯ್ಯುತ್ತ ನಿಂತಳು. ಪಕ್ಕದ ಮನೆಯ ಹುಡುಗಿ ಬಂದು ಕೈ ಬದಲಿಸಿದಳು. 1846ರ ಲಂಡನ್ನಿನ ಆ ಹೆಸರಿಲ್ಲದ ಸೇವಕಿ ಏನು ಮಾಡಿದ್ದಳೋ ಅದನ್ನೇ ಇವರು ಕೇಳದೆ, ಓದದೆ ಮಾಡಿದ್ದರು. ಮೀನು ಉಳಿದವು.

ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. 1828ರಲ್ಲಿ ಸ್ಕಾಟ್ಲೆಂಡಿನ ಜಾನ್ ಡ್ಯಾಲಿಯೆಲ್ ಎಂಬ ಪ್ರಕೃತಿ ವಿಜ್ಞಾನಿ ಕಡಲತೀರದಿಂದ ಒಂದು ಸೀ ಅನೆಮನಿಯನ್ನು, ಹೂವಿನಂಥ ಪ್ರಾಣಿಯನ್ನು, ತಂದು ಗಾಜಿನ ಪಾತ್ರೆಯಲ್ಲಿಟ್ಟ. ಆತ 1851ರಲ್ಲಿ ತೀರಿಕೊಂಡ. ಅದು ಕೈಯಿಂದ ಕೈಗೆ ದಾಟುತ್ತ, 'ಅಜ್ಜಿ' ಎಂಬ ಹೆಸರು ಪಡೆದು, ಹೊಸ ಹೊಸ ಪಾಲಕರಿಂದ ನೀರು ಬದಲಿಸಿಕೊಳ್ಳುತ್ತ 1887ರವರೆಗೆ ಬದುಕಿತ್ತು. ತಂದವನು ಹೋದ ಮೇಲೂ ಮೂವತ್ತಾರು ವರ್ಷ.

ಹುಡುಗನಿಗೆ ಈಗ ದುಬೈನ ಕೆಲಸದ ಮಾತು ನಡೆಯುತ್ತಿದೆ, ಹೆಣ್ಣು ನೋಡುವ ಮಾತೂ. ಉಪ್ಪಿನ ಅಳತೆ, ನೀರು ಬದಲಿಸುವ ದಿನ, ಯಾವ ಸ್ವಿಚ್ಚು ಯಾವುದಕ್ಕೆ ಎಂಬುದನ್ನೆಲ್ಲ ಅವನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ತೊಟ್ಟಿಯ ಪಕ್ಕ ಇಟ್ಟಿದ್ದಾನೆ. ಆಪಾ ಉರ್ದು ಮಾತ್ರ ಓದಬಲ್ಲಳು. ಅದನ್ನು ಉರ್ದುವಿನಲ್ಲಿ ಬರೆದುಕೊಡಲು ನನಗೆ ಒಪ್ಪಿಸಿದ್ದಾರೆ. ರಿಫ್ರಾಕ್ಟೋಮೀಟರಿಗೆ ಉರ್ದುವಿನಲ್ಲಿ ಏನು ಬರೆಯುವುದೆಂದು ಯೋಚಿಸುತ್ತಿದ್ದೇನೆ.